ಹೊನ್ನಶೂಲಕ್ಕೇರಿದವರು

ಪಾಶ್ಚಾತ್ಯ ಸಂಗೀತದ ರಚನಕಾರ ಮೊಜಾರ್ಟ್‌ನನ್ನು ಮೊದಲು ಕಟಕಟೆಗೆ ಎಳೆದವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಓದುತ್ತ ಪಿಯಾನೊ ಕಲಿಯುತ್ತಿರುವ ಅವನು ರಜೆಗೆಂದು ಧಾರವಾಡಕ್ಕೆ ಬಂದಿದ್ದ. ಭಾನುವಾರ ಮಧ್ಯಾಹ್ನ ಸಾಧನಕೇರಿಯ ಹಾರ್ಮೋನಿಯಂ ಮಾಸ್ತರರ ಮನೆಗೆ ಕರೆದುಕೊಂಡು ಹೋಗಿದ್ದೆ. ತಬಲಾ ನುಡಿಸುವ ಗೆಳೆಯ ಆಗಲೇ ಬಂದು ಗೋಡೆಗೆ ಒರಗಿದ್ದ. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ, ಒಳಗೆ ಗಿರಮಿಟ್ಟು, ಬಿಸಿ ಮಿರ್ಚಿ. ‘ಮಾಮಾ, ಮೊಜಾರ್ಟ್‌ನಷ್ಟು ವಿನಾಕಾರಣ ಹೊಗಳಿಸಿಕೊಂಡವನು ಇನ್ನೊಬ್ಬನಿಲ್ಲ’ ಎಂದು ಹುಡುಗ ಶುರುಮಾಡಿದ.

ಸಾಕ್ಷಿಗೆ ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್‌ನನ್ನು ಕರೆದ. ಮೊಜಾರ್ಟ್ 35ಕ್ಕೇ ತೀರಿಕೊಂಡನೆಂದು ಜಗತ್ತು ಮರುಗಿದರೆ, ಅವನು ಸತ್ತದ್ದು ತಡವಾಯಿತು ಎಂದವನು ಈ ಗೂಲ್ಡ್. ಹಾಗೆನ್ನುತ್ತಲೇ ಮೊಜಾರ್ಟ್‌ನ ಪಿಯಾನೊ ಸೊನಾಟಾಗಳನ್ನೆಲ್ಲ ಧ್ವನಿಮುದ್ರಿಸಿದ. ಮಾಸ್ತರರು ಮಿರ್ಚಿಯ ತೊಟ್ಟು ಕಿತ್ತು ಬದಿಗಿಟ್ಟು, ‘ತಮ್ಮಾ, ಬಾಯಿ ಏನಾದರೂ ಹೇಳಲಿ, ಬೆರಳು ಏನು ಮಾಡಿತು ನೋಡು’ ಎಂದರು.

ಬೀಥೋವನ್‌ನ ವಿಚಾರಣೆ ಬೇಗ ಮುಗಿಯಿತು. ಅವನ ‘ಫರ್ ಎಲೀಸ್’ ನಮ್ಮೂರಿನವರಿಗೆಲ್ಲ ಗೊತ್ತು, ಹಳೆಯ ಕಾರುಗಳು ಹಿಂದಕ್ಕೆ ಸರಿಯುವಾಗ ಕೂಗುತ್ತಿದ್ದದ್ದು ಅದನ್ನೇ. ಆ ತುಣುಕು ಅಚ್ಚಾದದ್ದು 1867ರಲ್ಲಿ, ಅವನು ತೀರಿಕೊಂಡು 40 ವರ್ಷಗಳ ನಂತರ. ಅದರ ಕಾಟಕ್ಕೆ ಅವನನ್ನು ಹೊಣೆ ಮಾಡುವುದು ನ್ಯಾಯವಲ್ಲ. ವಾಗ್ನರ್‌ನನ್ನು ನಾವೇ ಬಿಟ್ಟುಬಿಟ್ಟೆವು. ನಾಲ್ಕು ರಾತ್ರಿ ನಡೆಯುವ ಅವನ ‘ರಿಂಗ್’ ಸಂಗೀತನಾಟಕವನ್ನು ನಮ್ಮಲ್ಲಿ ಯಾರೂ ಪೂರ್ತಿ ಕೇಳಿರಲಿಲ್ಲ. ಅರ್ಧ ಕೇಳಿ ಬೈದರೆ ಪಾಪ.

ರಾವೆಲ್‌ನ ಹೆಸರು ಬಂದಾಗ ಮಾತ್ರ ತಬಲಾ ಗೆಳೆಯ ನೆಟ್ಟಗೆ ಕುಳಿತ. 1928ರ ಅವನ ‘ಬೊಲೆರೊ’ ಬರೀ ಒಂದೇ ರಾಗದ ಗಿರಕಿ ಎಂದು ಹುಡುಗ ತಳ್ಳಿಹಾಕಿದ್ದ. ಮೊಬೈಲಿನಲ್ಲಿ ಹಚ್ಚಿ ಕೇಳಿಸಿದ. ಗೆಳೆಯ ರಾಗವನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹಿಂದಿನ ಸಣ್ಣ ಡ್ರಮ್ಮಿಗೆ ಕಿವಿಗೊಟ್ಟು ತೊಡೆಯ ಮೇಲೆ ಬೆರಳಾಡಿಸುತ್ತ ಹೋದ. ಕಾಲು ಗಂಟೆ ಅದೇ ನಡೆ, ಅದೇ ಲಯ. ಸದ್ದು ಮಾತ್ರ ಹನಿ ಹನಿಯಾಗಿ ಏರಬೇಕು. ‘ಇದನ್ನು ನುಡಿಸುವವನು ನನ್ನ ಖಾಸಾ ತಮ್ಮ. ನಿಧಾನ ಲಯದ ವಿಲಂಬಿತ್ ಖ್ಯಾಲ್ ಹಾಡಿಗೆ ಅರ್ಧ ಗಂಟೆ ತಬಲಾದ ಠೇಕಾ ಹಿಡಿದು ಕುಳಿತು ನೋಡು, ಗೊತ್ತಾಗುತ್ತದೆ. ಚಪ್ಪಾಳೆಯೆಲ್ಲ ಹಾಡುವವರಿಗೆ’ ಎಂದ. ಅವನ ಹೊಟ್ಟೆಯುರಿ ಬಹಳ ಹಳೆಯದು.

ಅಲ್ಲಿಯವರೆಗೆ ನಗುನಗುತ್ತಲೇ ನಡೆದಿತ್ತು. ಪರದೇಶದವರನ್ನು ಬೈಯುವುದು ಸುಲಭ. ನಾನು ಸದಾರಂಗನ ಹೆಸರು ತೆಗೆದೆ.

ಸದಾರಂಗನೆಂದರೆ ನಿಯಾಮತ್ ಖಾನ್, 18ನೆಯ ಶತಮಾನದಲ್ಲಿ ಮೊಘಲ ದೊರೆ ಮಹಮ್ಮದ್ ಶಾಹನ ದರಬಾರಿನಲ್ಲಿ ರುದ್ರವೀಣೆ ನುಡಿಸುತ್ತಿದ್ದ ಬೀನಕಾರ. ಖ್ಯಾಲ್ ಗಾಯನಕ್ಕೆ ಆಧಾರವಾದ ಸಣ್ಣ ರಚನೆ, ಅಂದರೆ ಬಂದಿಶ್ ಎಂದರೆ ಮೊದಲು ಅವನ ಹೆಸರು. ನನ್ನ ತಕರಾರು ಇಷ್ಟೇ: ಅವನ ಮುದ್ರೆ, ಅಂದರೆ ಅಂಕಿತ, ಹೊತ್ತ ಬಂದಿಶ್‌ಗಳೆಲ್ಲ ಅವನವೇ ಎಂದು ಆಣೆ ಮಾಡಿ ಹೇಳುವವರು ಯಾರಿದ್ದಾರೆ? ತಮ್ಮ ರಚನೆಗೆ ಬೆಲೆ ಬರಲೆಂದು ನಂತರದವರೂ ಆ ಹೆಸರನ್ನೇ ಸೇರಿಸಿದರೆಂಬ ಮಾತು ಇದ್ದೇ ಇದೆ. ಇನ್ನು ನಮ್ಮ ಧಾರವಾಡದಲ್ಲಂತೂ ಬಂದಿಶ್ ಯಾರದೆಂದು ಕೇಳುವ ರೂಢಿಯೇ ಇಲ್ಲ. ಮನ್ಸೂರರ ಶುದ್ಧ ನಟ್ ಕೇಳಿದೆ ಎನ್ನುತ್ತೇವೆ, ಗಂಗೂಬಾಯಿಯವರ ಭೈರವ್ ಕೇಳಿದೆ ಎನ್ನುತ್ತೇವೆ. ಬಂದಿಶ್ ಎಂದರೆ ಮೊದಲ ಭಾಗವಾಗಿ ಎರಡು ಸಾಲಿನ ಸ್ಥಾಯಿ, ಆಮೇಲೆ ಎರಡು ಸಾಲಿನ ಅಂತರಾ. ಅದನ್ನು ಮುಕ್ಕಾಲು ಗಂಟೆ ಬೆಳೆಸಿದವರು ಹಾಡುಗಾರರು, ಆದರೂ ರಚನೆಯ ಮಾತು ಬಂದರೆ ಕೀರ್ತಿ ಮುದ್ರೆಗೆ. ದೊಡ್ಡ ಗಾಯಕರ ಕಂಠದಲ್ಲಿ ಯಾವ ಬಂದಿಶ್ ತಾನೇ ಸೋಲುತ್ತದೆ? ಕಲಿಯುವವರ ಬಾಯಲ್ಲೂ ನಿಂತರೆ ಅದು ರಚನೆ.

ಮಾಸ್ತರರು ಮಾತನಾಡದೆ ಎದ್ದು, ಬಂದಿಶ್‌ಗಳನ್ನು ಸ್ವರಲಿಪಿ ಸಮೇತ ಕೂಡಿಸಿದ ಭಾತಖಂಡೆಯವರ ‘ಕ್ರಮಿಕ ಪುಸ್ತಕ ಮಾಲಿಕೆ’ಯ ಒಂದು ಭಾಗ ತಂದರು. ಹಾಥರಸ್‌ನಲ್ಲಿ ಅಚ್ಚಾದ ಹಿಂದಿ ಪ್ರತಿ, ಬೆನ್ನಿಗೆ ಕಂದು ಬಣ್ಣದ ಟೇಪು, ಸ್ವರಗಳ ಮೇಲೆಲ್ಲ ಪೆನ್ಸಿಲ್ ಗೀಟು. ಅಷ್ಟರಲ್ಲಿ ಪಾಠದ ಹುಡುಗಿ ಕೊಡೆ ಮಡಚುತ್ತ ಬಂದಳು. ‘ಸರಿ, ಇವಳ ಬಾಯಲ್ಲೇ ನೋಡೋಣ’ ಎಂದು ಯಮನ್ ರಾಗದ ಎರಡು ವೇಗದ ದ್ರುತ್ ಬಂದಿಶ್‌ಗಳನ್ನು ಹಾಡಲು ಹೇಳಿದರು. ಒಂದು ಸದಾರಂಗನ ಮುದ್ರೆಯದು, ಇನ್ನೊಂದು ಮಾಸ್ತರರ ಗುರುಗಳು ಕಟ್ಟಿದ್ದು.

ಮೊದಲನೆಯದರಲ್ಲಿ ತಾಳದ ಖಾಲಿಯಿಂದ ಎತ್ತಿದ ಮುಖಡಾ, ಅಂದರೆ ಮೊದಲ ನುಡಿ, ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಸರಿಯಾಗಿಯೇ ಬಂದು ಬಿದ್ದಿತು. ಅಂತರಾದಲ್ಲಿ ದೊರೆಯ ಹೆಸರು, ಕವಿಯ ಹೆಸರು ಎರಡನ್ನೂ ಅರ್ಧ ಆವರ್ತನದಲ್ಲಿ ತುರುಕಬೇಕಾದಲ್ಲಿ ಉಸಿರು ಸಾಲದೆ ‘ಮಮ್ಮದಸಾ’ ಎನ್ನುವುದು ‘ಮಸಾ’ ಆಯಿತು. ಎರಡನೆಯದನ್ನು ನೀರು ಕುಡಿದಂತೆ ಹಾಡಿದಳು. ತಬಲಾ ಗೆಳೆಯ ನನ್ನತ್ತ ನೋಡಿ ಹುಬ್ಬೇರಿಸಿದ.

ಮಾಸ್ತರರು ಹಾರ್ಮೋನಿಯಂ ಎಳೆದುಕೊಂಡು ಅದೇ ಅಂತರಾ ತಾವೇ ಹಾಡಿದರು. ಹೆಸರನ್ನು ಅರ್ಧ ಮಾತ್ರೆ ತಡವಾಗಿ ಎತ್ತಿ, ತಾರ ಷಡ್ಜದ ಮೇಲೆ ಒಂದಿಷ್ಟು ನಿಂತು, ಆಮೇಲೆ ಜಾರಿಸಿದರು. ತುರುಕಿದಂತಿದ್ದದ್ದು ತೂಗಿದಂತಾಯಿತು. ನನ್ನ ಬಾಯಿಂದ ‘ವಾಹ್’ ಹೊರಟೇಬಿಟ್ಟಿತು. ಆದರೂ ಬಿಡಲಿಲ್ಲ; ಆ ಅರ್ಧ ಮಾತ್ರೆ ಪುಸ್ತಕದಲ್ಲಿ ಎಲ್ಲಿದೆ ಎಂದೆ. ಇಲ್ಲ, ಗುರುಗಳಿಂದ ಬಂದದ್ದು ಎಂದರು. ಹಾಗಾದರೆ ಚೆಲುವು ಗುರುಗಳದೋ ಸದಾರಂಗನದೋ? ಜಾಗ ಬಿಟ್ಟವನು ಅವನಲ್ಲವೇ ಎಂದು ಅವರ ವಾದ. ಬಿಟ್ಟದ್ದೋ, ಉಳಿದುಹೋದದ್ದೋ ಎಂದು ನನ್ನದು.

ಈ ನಡುವೆ ಅಕ್ಕನ ಮಗ ತಣ್ಣಗಾಗಿದ್ದ. ಮೊಜಾರ್ಟ್ 1788ರಲ್ಲಿ ‘ಕಲಿಯುವವರಿಗಾಗಿ’ ಎಂದೇ ಗುರುತು ಹಾಕಿಟ್ಟ ಸಿ ಮೇಜರ್ ಸೊನಾಟಾ ಒಂದಿದೆ. ಅದನ್ನು ನುಡಿಸುವಾಗ ತನ್ನ ಒಂದೊಂದು ತಪ್ಪೂ ಬೆತ್ತಲಾಗುತ್ತದೆ, ಆದರೂ ರಾಗ ಕೆಡುವುದಿಲ್ಲ ಎಂದು ತಾನಾಗಿಯೇ ಹೇಳಿದ. ನನ್ನ ಲೆಕ್ಕದಲ್ಲಿ ಮೊಜಾರ್ಟ್ ಅಲ್ಲಿಗೆ ಪಾರಾದ. ಹುಡುಗ ಒಪ್ಪಲಿಲ್ಲ.

ಹುಡುಗಿ ಇಷ್ಟೂ ಹೊತ್ತು ನೋಟುಬುಕ್ಕು ತೆರೆದಿಟ್ಟು ಪೆನ್ನು ಹಿಡಿದು ಕಾದಿದ್ದಳು. ‘ಸರ್, ಪರೀಕ್ಷೆಗೆ ಯಾವುದನ್ನು ಹಾಡಲಿ?’ ಎಂದಳು.

‘ಮೊದಲನೆಯದು’ ಎಂದರು ಮಾಸ್ತರರು. ‘ಸದಾರಂಗ ಎಂದರೆ ಪರೀಕ್ಷಕರಿಗೂ ಗೊತ್ತಿರುತ್ತದೆ.’

ನಾನು ಜೋರಾಗಿ ನಕ್ಕೆ. ಅವರಿಗೆ ನಗು ಬರಲಿಲ್ಲ. ತಟ್ಟೆಯಲ್ಲಿದ್ದ ಕೊನೆಯ ಮಿರ್ಚಿಯನ್ನು ತಬಲಾ ಗೆಳೆಯನಿಗೆ ಕೊಟ್ಟರು.