ಗಾಳಿಗೆ ಸುಲಭದ ದಾರಿ ಬೇಕು

ಇವತ್ತು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ಕಾರಿನ ರೇಡಿಯೇಟರ್ ಸುತ್ತ ಅಲ್ಯೂಮಿನಿಯಂ ಶೀಟ್ ಕತ್ತರಿಸಿ ಕೂರಿಸಿದೆ. ಅಂಚಿಗೆಲ್ಲ ಫೋಮ್ ಪಟ್ಟಿ ಅಂಟಿಸಿದೆ.

ಅಲ್ಲಿದ್ದದ್ದು ಬೆರಳು ತೂರುವಷ್ಟು ಸಂದಿ. ಆದರೆ ಬಂಪರ್ ಒಳಗೆ ಬಂದ ಗಾಳಿ ಅಲ್ಲಿಂದಲೇ ನುಸುಳಿ ಹೋಗುತ್ತಿತ್ತು. ರೇಡಿಯೇಟರ್‌ನ ಒತ್ತೊತ್ತಾದ ಫಿನ್‌ಗಳ ನಡುವೆ ನುಗ್ಗುವುದು ಗಾಳಿಗೆ ಕಷ್ಟ. ಪಕ್ಕದಲ್ಲಿ ಜಾಗ ಸಿಕ್ಕರೆ ಅದನ್ನೇ ಹಿಡಿಯುತ್ತದೆ, ಅಲ್ವಾ? ಎಷ್ಟೇ ದೊಡ್ಡ ರೇಡಿಯೇಟರ್ ಹಾಕಿದರೂ ಸಂದಿ ಮುಚ್ಚದಿದ್ದರೆ ಪೂರ್ತಿ ಪ್ರಯೋಜನ ಸಿಗುವುದಿಲ್ಲ.

ಹಾಗೇ ರೇಡಿಯೇಟರ್ ಕ್ಯಾಪ್ ಕೂಡ ಬದಲಾಯಿಸಿದೆ. ನೀರು 100 ಡಿಗ್ರಿಗೆ ಕುದಿಯುತ್ತದೆ. 1 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ ಸುಮಾರು 120ರವರೆಗೆ ಕುದಿಯದಂತೆ ತಡೆಯುತ್ತದೆ. ಅದರ ರಬ್ಬರ್ ಸೀಲ್ ಒಣಗಿ ಬಿರುಕು ಬಿಟ್ಟರೆ ಆ 20 ಡಿಗ್ರಿ ಹೋಯಿತು ಅಂತಲೇ ಲೆಕ್ಕ. ಇಷ್ಟು ಚಿಕ್ಕ ವಸ್ತು, ಇಷ್ಟು ದೊಡ್ಡ ಕೆಲಸ!

ಕಾಯಿಲೋವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಸಸ್ಪೆನ್ಷನ್ ಭಾಗ) ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೇನೋ ಇಂಥ ಕೆಲಸಗಳ ಮೇಲೇ ಪ್ರೀತಿ ಜಾಸ್ತಿ.

ಇನ್ನು ಬಂಪ್ ಸ್ಟೀರ್ ನೋಡಬೇಕು. ಕಾರನ್ನು ತಗ್ಗಿಸಿದಾಗ ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರವನ್ನು ತಿರುಗಿಸುವ ಸರಳು) ಮತ್ತು ಸಸ್ಪೆನ್ಷನ್‌ನ ಕೆಳಗಿನ ಆರ್ಮ್‌ನ ಕೋನಗಳು ಬದಲಾಗುತ್ತವೆ. ಆಗ ಟ್ರ್ಯಾಕ್ ಅಂಚಿನ ಕರ್ಬ್ ಹತ್ತಿದ ಕೂಡಲೇ, ಸ್ಟೀರಿಂಗ್ ಅಲುಗದಿದ್ದರೂ ಚಕ್ರ ತಾನೇ ಸ್ವಲ್ಪ ತಿರುಗಿಬಿಡಬಹುದು. ವೇಗದಲ್ಲಿ ಅದು ಭಯ ಹುಟ್ಟಿಸುತ್ತದೆ. ಟೈ ರಾಡ್ ತುದಿಗೆ ಸ್ಪೇಸರ್ ಕೊಟ್ಟು ಎತ್ತರ ಸರಿಮಾಡಬೇಕು. ಸ್ಪ್ರಿಂಗ್ ತೆಗೆದು, ಚಕ್ರವನ್ನು ಜಾಕ್‌ನಿಂದ ಮೇಲೆ ಕೆಳಗೆ ಆಡಿಸಿ, ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೆ ಅಥವಾ ಹೊರಗೆ ತಿರುಗಿರುವ ಕೋನ) ಎಷ್ಟು ಬದಲಾಗುತ್ತದೆ ಅಂತ ಅಳೆಯಬೇಕು. ನಿಧಾನದ ಕೆಲಸ. ಯಾರಾದರೂ ಮಾಡಿದ್ದರೆ ಹೇಳಿ, ಕೂತು ಮಾತಾಡೋಣ.