ಕಾಲು ಮಿಲಿಮೀಟರ್ ಲೆಕ್ಕ

ನಮಗೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕಲಿಸಿದ ಸರ್ ಬೀಮ್ ಬಾಗುವ ಪಾಠವನ್ನು ರೋಲಿಂಗ್ ಮಿಲ್‌ನಿಂದ, ಅಂದರೆ ರೋಲ್‌ಗಳ (ಉರುಳೆಗಳ) ನಡುವೆ ಲೋಹವನ್ನು ಒತ್ತಿ ತಗಡು ಮಾಡುವ ಯಂತ್ರದಿಂದ, ಶುರು ಮಾಡುತ್ತಿದ್ದರು. ಕಾಲೇಜಿಗೆ ಬರುವ ಮುಂಚೆ ಅವರು ಉಕ್ಕಿನ ಕಾರ್ಖಾನೆಯಲ್ಲಿದ್ದವರು.

ಒಂದು ದಿನ ಕೇಳಿದರು: "1 ಮೀಟರ್ ತಗಡಿನ ಅಂಚಲ್ಲಿ 10 ಮಿ.ಮೀ. ಎತ್ತರದ ಒಂದು ಅಲೆ ಎದ್ದಿದೆ. ಅಂಚು ಎಷ್ಟು ಜಾಸ್ತಿ ಉದ್ದ ಆಗಿದೆ, ಹೇಳ್ರಪ್ಪಾ." ಯಾರೋ 5 ಮಿ.ಮೀ. ಅಂದರು, ಇನ್ಯಾರೋ 10. ಲೆಕ್ಕ ಹಾಕಿದರೆ ಬಂದದ್ದು ಕಾಲು ಮಿಲಿಮೀಟರ್! ಕಣ್ಣಿಗೆ ರಾಚುವ ಅಲೆಗೆ ಕಾರಣ ಅಷ್ಟೇ. ಆ ಲೆಕ್ಕ ತಲೆಯಿಂದ ಹೋಗಲೇ ಇಲ್ಲ. ನಾನು ಕೋಲ್ಡ್ ರೋಲಿಂಗ್ (ಕಾಯಿಸದೆಯೇ ತಗಡನ್ನು ಒತ್ತಿ ತೆಳು ಮಾಡುವ) ಕೆಲಸಕ್ಕೆ ಸೇರಿದ್ದೇ ಅದರಿಂದ.

ಮಿಲ್‌ನ ರೋಲ್‌ಗೆ ಎರಡೂ ತುದಿಯಲ್ಲಿ ಬೇರಿಂಗ್. ನಡುವೆ ತಗಡು ನೂರಾರು ಟನ್ ಒತ್ತಡದಲ್ಲಿ ಹಾಯುತ್ತದೆ. ರೋಲ್ ಎಷ್ಟೇ ದಪ್ಪ ಇರಲಿ, ಬಾಗಿಯೇ ಬಾಗುತ್ತದೆ. ಆಗ ಅಂಚಿಗೆ ಒತ್ತಡ ಹೆಚ್ಚಾಗಿ ಅದು ಉದ್ದವಾಗುತ್ತದೆ, ಅಲೆ ಏಳುತ್ತದೆ. ಅದಕ್ಕೇ ರೋಲ್‌ನ ನಡುಭಾಗವನ್ನು ಕೊಂಚ ಉಬ್ಬಾಗಿ ಗ್ರೈಂಡ್ ಮಾಡುತ್ತಾರೆ. ಉಬ್ಬು ಜಾಸ್ತಿಯಾದರೆ ತಗಡಿನ ನಡುವೆ ಬಕಲ್, ಅಂದರೆ ಉಬ್ಬು-ತಗ್ಗು.

ದಪ್ಪ ಎಲ್ಲ ಕಡೆ ಒಂದೇ ಆದರೆ ತಗಡು ಸಪಾಟಾಗುತ್ತದೆ ಅನ್ನಿಸುತ್ತದೆ, ಅಲ್ವಾ? ಹಾಗಾಗುವುದಿಲ್ಲ. ಒಳಗೆ ಬರುವ ತಗಡು ನಡುವೆ 3 ಮಿ.ಮೀ., ಅಂಚಿನಲ್ಲಿ 2.94 ಇದೆ ಅಂದುಕೊಳ್ಳಿ. ನಡುಭಾಗ 1 ಮಿ.ಮೀ.ಗೆ ಇಳಿದಾಗ ಅಂಚು 0.98 ಆಗಬೇಕು. ಅಂಚನ್ನೂ 1ಕ್ಕೇ ನಿಲ್ಲಿಸಿದರೆ ನಡುಭಾಗ ಹೆಚ್ಚು ಉದ್ದವಾಗಿ ಉಬ್ಬುತ್ತದೆ. "ಸಮ ಮಾಡ್ಬೇಕಾದ್ದು ದಪ್ಪ ಅಲ್ಲ, ಉದ್ದ" ಅನ್ನುತ್ತಿದ್ದರು ಸರ್. ಮಿಲ್ ಡಿಸೈನ್‌ನ ಅರ್ಧ ಕಷ್ಟ ಈ ಮಾತಿನಲ್ಲೇ ಇದೆ.

ಇನ್ನೊಂದು ತೊಡಕು. ಮಿಲ್ ಓಡುವಾಗ ತಗಡು ಬಿಗಿಯಾಗಿ ಎಳೆದಿರುತ್ತದೆ, ಎಷ್ಟೋ ಸಲ ಅಲೆ ಕಾಣುವುದೇ ಇಲ್ಲ. ಎಳೆತ ಬಿಟ್ಟ ಮೇಲೆ ಬಯಲಾಗುತ್ತದೆ. ಹಾಗಾಗಿ ಸೆನ್ಸರ್ ಕೂರಿಸಿದ ಅಳತೆ ರೋಲ್ ಮೇಲೆ ತಗಡನ್ನು ಹಾಯಿಸಿ, ಅಗಲದಲ್ಲಿ ಎಳೆತ ಎಲ್ಲಿ ಸಡಿಲ ಎಂದು ನೋಡುತ್ತಾರೆ; ಉದ್ದ ಹೆಚ್ಚಾದ ಕಡೆ ಎಳೆತ ಸಡಿಲ. ಸ್ವೀಡನ್‌ನ ಆಸಿಯಾ ಕಂಪನಿ 1960ರ ದಶಕದಲ್ಲೇ ಇಂಥ ರೋಲ್ ತಯಾರಿಸಿತ್ತು. ಅಂಚಿನ ದೋಷಕ್ಕೆ ಹೈಡ್ರಾಲಿಕ್ ಜಾಕ್‌ಗಳು ರೋಲನ್ನು ಎದುರು ದಿಕ್ಕಿಗೆ ಬಾಗಿಸುತ್ತವೆ. ಒಂದು ಸಣ್ಣ ಪಟ್ಟೆಯಷ್ಟೇ ಸಡಿಲ ಇದ್ದರೆ, ಅಲ್ಲಿ ಮಾತ್ರ ರೋಲ್ ಮೇಲೆ ಕೂಲಂಟ್ (ತಂಪು ಮಾಡುವ ದ್ರವ) ಜಾಸ್ತಿ ಬಿಡುತ್ತಾರೆ. ತಣ್ಣಗಾದ ಭಾಗ ಮೈಕ್ರಾನ್‌ಗಳಷ್ಟು ಕುಗ್ಗುತ್ತದೆ, ಒತ್ತುವುದೂ ಕಡಿಮೆಯಾಗುತ್ತದೆ. ನೀರಿನ ಸ್ಪ್ರೇಯಿಂದ ಉಕ್ಕಿನ ರೋಲ್‌ನ ಆಕಾರ ತಿದ್ದುವುದು ನನಗೆ ಇವತ್ತಿಗೂ ಬೆರಗು.

ಈಗ ಓದುತ್ತಿರುವವರು ಇಂಡಸ್ಟ್ರಿಯಲ್ ವಿಸಿಟ್‌ಗೆ ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ಲು ಕಡೆ ಹೋದರೆ, ಸುಮ್ನೆ ಮಿಲ್ ನೋಡಿ ಬರಬೇಡಿ. ರೋಲ್‌ಗಳನ್ನು ಗ್ರೈಂಡ್ ಮಾಡುವ ರೋಲ್ ಶಾಪ್ ತೋರಿಸಿ ಎಂದು ಕೇಳಿ. ರೋಲ್‌ನ ಉಬ್ಬನ್ನು ಹೇಗೆ ಅಳೆಯುತ್ತಾರೆ ಎಂದು ಗ್ರೈಂಡರ್ ಹತ್ತಿರ ನಿಂತು ವಿಚಾರಿಸಿ.