ಮೊದಲು ಸದ್ದು ಸಮ ಮಾಡಿ

ಎರಡು ಆಂಪ್ಲಿಫೈಯರ್ ಹೋಲಿಸಿ "ಇದರಲ್ಲಿ ದನಿ ತೆರೆದುಕೊಳ್ಳುತ್ತೆ" ಅನ್ನುವ ಮೊದಲು ಎರಡರ ಸದ್ದಿನ ಮಟ್ಟ ಒಂದೇ ಇದೆಯಾ ನೋಡಿ. ಅರ್ಧ ಡೆಸಿಬೆಲ್ ಹೆಚ್ಚಿದ್ದರೆ ಕಿವಿಗೆ ಅದು ಜೋರು ಅನ್ನಿಸುವುದಿಲ್ಲ, ಚೆನ್ನಾಗಿದೆ ಅನ್ನಿಸುತ್ತದೆ. ಎಷ್ಟೋ ಹೊಗಳಿಕೆಯ ಗುಟ್ಟು ಇಷ್ಟೇ.

1 ಕಿಲೋಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು, ಎಸಿ ವೋಲ್ಟೇಜ್ ಶೇ. 1ರ ಒಳಗೆ ಹೊಂದಿಸಿ. ಅಗ್ಗದ ಮೀಟರ್ ಈ ಫ್ರೀಕ್ವೆನ್ಸಿಯಲ್ಲಿ ಸ್ವಲ್ಪ ತಪ್ಪು ತೋರಿಸಬಹುದು. ಎರಡಕ್ಕೂ ಅದೇ ಮೀಟರ್ ಆದರೆ ಚಿಂತೆಯಿಲ್ಲ. ಆಮೇಲೆ ಯಾವುದು ನುಡಿಯುತ್ತಿದೆ ಎಂದು ಕೇಳುವವರಿಗೆ ತಿಳಿಯದಂತೆ 16 ಸಲ ಪರೀಕ್ಷಿಸಿ. ನುಡಿದದ್ದು ಯಾವುದೆಂದು 12 ಸಲ ಸರಿಯಾಗಿ ಗುರುತಿಸಿದರೆ ವ್ಯತ್ಯಾಸ ಇದೆ ಅಂತ ನಂಬಬಹುದು. 9 ಬಂದರೆ ನಾಣ್ಯ ಚಿಮ್ಮಿದ ಹಾಗೆ.

ಹಾಗಂತ ಒಂದೇ ಅಂಕಿಗೆ ಜೋತುಬೀಳಬೇಡಿ. ಡ್ಯಾಕ್‌ನ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಂಕೇತವಾಗಿಸುವ ಸಾಧನ) ಡಿಸ್ಟಾರ್ಷನ್, ಅಂದರೆ ದನಿ ಕೆಡುವ ಪ್ರಮಾಣ, ಶೇ. 0.001 ಇದ್ದರೂ 0.0003 ಇದ್ದರೂ ಕಿವಿಗೆ ಒಂದೇ. ಸ್ಪೀಕರ್‌ನದು ಬೇರೆ ಕಥೆ: ಯಾವ ಫ್ರೀಕ್ವೆನ್ಸಿ ಎಷ್ಟು ಜೋರು ಅಂತ ತೋರಿಸುವ ಎದುರಿನ ಗ್ರಾಫ್ ಜೊತೆ ಪಕ್ಕಕ್ಕೆ ಹೊರಡುವ ದನಿಯ ಗ್ರಾಫನ್ನೂ ನೋಡಲೇಬೇಕು, ಗೋಡೆಗೆ ಬಡಿದು ವಾಪಸ್ ಬರುವುದು ಅದೇ. ಸುಮಾರು 300 ಹರ್ಟ್ಸ್ ಕೆಳಗಂತೂ ಕೋಣೆಯದ್ದೇ ಕಾರುಬಾರು. ಬೇರೆಯವರ ಕೋಣೆಯಲ್ಲಿ ಕೇಳಿ ಮೆಚ್ಚಿದ ಬಾಸ್ ಪೆಟ್ಟಿಗೆಯೊಳಗೆ ಕೂತು ನಿಮ್ಮ ಮನೆಗೆ ಬರುವುದಿಲ್ಲ.